ಎರೆ ಮಣ್ಣಿನ ಹಿತ್ತಲಲ್ಲಿ ಕಣಗಿಲೆ

2024 ಏಪ್ರಿಲ್ 21, ಭಾನುವಾರ
ಗದಗ

ಹೋದ ವರ್ಷ ಮಳೆ ಕೈಕೊಟ್ಟಿದ್ದು ಈಗ ಹಿತ್ತಲಿನಲ್ಲಿ ಕಾಣುತ್ತಿದೆ. ರಾಜ್ಯದ 223 ತಾಲೂಕುಗಳು ಬರಪೀಡಿತ ಅಂತ ಘೋಷಣೆಯಾಗಿದ್ದವು, ನಮ್ಮ ಗದಗವೂ ಅದರಲ್ಲಿತ್ತು. ನಲ್ಲಿ ನೀರು ಯಾವತ್ತು ಬರುತ್ತದೆ ಅಂತ ಓಣಿಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಕೇಳುವ ದಿನಗಳಿವು. ದಾಸವಾಳ ಎಲೆ ಉದುರಿಸಿ ನಿಂತಿದೆ. ಮಲ್ಲಿಗೆ ಬಳ್ಳಿಗೆ ಅಡುಗೆಮನೆಯ ಅಕ್ಕಿ ತೊಳೆದ ನೀರೇ ಗತಿ. ಕಣಗಿಲೆ ಮಾತ್ರ ತುದಿ ತುದಿಗೂ ಗೊಂಚಲು ಬಿಟ್ಟಿದೆ. ಬುಡದ ಮಣ್ಣನ್ನು ಗೇಣುದ್ದ ಕೆದರಿದರೂ ಪಸೆ ಸಿಗಲಿಲ್ಲ, ಆದರೆ ಒಂದು ಎಲೆಯೂ ಜೋಲು ಬಿದ್ದಿಲ್ಲ.

ಇದಕ್ಕೆ ಕಾರಣ ಎಲೆಯಲ್ಲೇ ಇದೆ. ಮೇಲ್ಮೈ ದಪ್ಪ, ಮೇಣ ಸವರಿದ ಹಾಗೆ. ಗಿಡ ಉಸಿರಾಡುವ ರಂಧ್ರಗಳೆಲ್ಲ ಎಲೆಯ ಅಡಿಬದಿಯಲ್ಲಿವೆ, ಅದೂ ಸಣ್ಣ ಕುಳಿಗಳ ಒಳಗೆ. ಆ ಕುಳಿಗಳ ತುಂಬ ನವಿರಾದ ಕೂದಲು. ಬಿಸಿಗಾಳಿ ಎಷ್ಟು ಬೀಸಿದರೂ ಕುಳಿಯೊಳಗಿನ ತೇವದ ಗಾಳಿ ಬೇಗ ಹಾರಿ ಹೋಗುವುದಿಲ್ಲ. ಏಪ್ರಿಲ್‌ನಲ್ಲಿ ನಮ್ಮೂರಿನ ಗಾಳಿ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅಂಥ ಗಾಳಿಗೆ ಸಿದ್ಧವಾಗಿಯೇ ಹುಟ್ಟಿದ ಎಲೆ ಇದು.

ಕಣಗಿಲೆಯನ್ನು ನಾವು ನಮ್ಮ ಊರಿನದೇ ಗಿಡ ಅಂದುಕೊಂಡಿದ್ದೇವೆ. ಶಿವನ ಪೂಜೆಗೆ ಅಷ್ಟು ಹಳೆಯ ಹೂವು ಅಲ್ವಾ! ಆದರೆ ಅದರ ನಾಡು ಬಹಳ ದೊಡ್ಡದು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳಿಂದ ಹಿಡಿದು ಇತ್ತ ಏಷ್ಯಾದವರೆಗೂ ಅದು ತಾನಾಗಿಯೇ ಬೆಳೆಯುತ್ತದೆ. ಕ್ರಿಸ್ತಶಕ 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೆ ಊರಿನ ಗೋಡೆಚಿತ್ರಗಳಲ್ಲೂ ಈ ಗಿಡವಿದೆ. ಅಂದರೆ ಆ ಕಾಲದಲ್ಲೇ ಇಟಲಿಯವರು ಇದನ್ನು ಕೈತೋಟದಲ್ಲಿ ಬೆಳೆಸುತ್ತಿದ್ದರು.

ನನಗೆ ಮುಖ್ಯ ಅನ್ನಿಸುವ ಮಾತು ಇನ್ನೊಂದಿದೆ. ಈಗ ನರ್ಸರಿಗಳಲ್ಲಿ ಲ್ಯಾವೆಂಡರ್, ರೋಸ್ಮರಿ ಜಾಸ್ತಿ ಸಿಗುತ್ತವೆ. ಅವೂ ಮೆಡಿಟರೇನಿಯನ್ ಕಡೆಯವೇ, ಅವಕ್ಕೂ ನೀರು ಕಡಿಮೆ ಸಾಕು. ಆದರೆ ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆ ಪೂರ್ತಿ ಒಣ. ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ, ನೆಲ ಬೆಚ್ಚಗಿರುವಾಗಲೇ ಮಳೆ. ಅದರ ಮೇಲೆ ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಬಿಸಿ ಕೆಸರಿನಲ್ಲಿ ಲ್ಯಾವೆಂಡರ್ ಬೇರು ಕೊಳೆಯುತ್ತದೆ. ಬರ ತಡೆಯುವ ಗಿಡ ಮಳೆಗೆ ಸಾಯುವುದು ಹೀಗೆ. ಅಂಥವನ್ನು ಕುಂಡದಲ್ಲೇ, ಗರಸು ಜಾಸ್ತಿ ಬೆರೆಸಿದ ಮಣ್ಣಿನಲ್ಲೇ ಬೆಳೆಸಬೇಕು.

ಕಣಗಿಲೆ ಹಾಗಲ್ಲ. ಕಾಡಿನಲ್ಲಿ ಅದು ಹುಟ್ಟುವುದೇ ಬತ್ತಿದ ಹಳ್ಳಗಳ ಪಾತ್ರದಲ್ಲಿ. ಮಳೆ ಬಂದರೆ ಹಳ್ಳ ತುಂಬಿ ಹರಿಯುತ್ತದೆ, ಆಮೇಲೆ ತಿಂಗಳುಗಟ್ಟಲೆ ಬರೀ ಕಲ್ಲು. ಎರಡನ್ನೂ ತಡೆದುಕೊಂಡು ಬದುಕಿದ ಜಾತಿ ಇದು. ವರ್ಷದಲ್ಲಿ ಒಂದಿಷ್ಟು ದಿನ ಕೆಸರು, ಉಳಿದ ದಿನ ಬಿರುಕು ಅನ್ನುವ ಎರೆ ನೆಲಕ್ಕೆ ಇದಕ್ಕಿಂತ ಒಳ್ಳೆಯ ಹೂಗಿಡ ನನಗೆ ಕಂಡಿಲ್ಲ. ಪುಣೆ–ಬೆಂಗಳೂರು ಹೆದ್ದಾರಿಯ ನಡುಪಟ್ಟಿಯಲ್ಲಿ ಲಾರಿ ಹೊಗೆ, ಧೂಳಿನ ನಡುವೆ ಅದು ಹೂ ಬಿಡುವುದನ್ನು ಹುಬ್ಬಳ್ಳಿ, ಹಾವೇರಿ ಕಡೆ ಓಡಾಡುವವರೆಲ್ಲ ನೋಡಿಯೇ ಇರುತ್ತೀರಿ.

ಹಾಗಂತ ಸುಮ್ನೆ ನೆಟ್ಟು ಬಿಡುವುದಲ್ಲ. ಎರೆಯಲ್ಲಿ ಗುಂಡಿ ತೋಡಿ ಒಳಗೆ ಬರೀ ಗರಸು ತುಂಬಿದರೆ ಸುತ್ತಲಿನ ನೀರೆಲ್ಲ ಆ ಗುಂಡಿಗೇ ಇಳಿದು ನಿಲ್ಲುತ್ತದೆ. ಅದಕ್ಕೇ ನಾನು ಮಸಾರಿ ಮಣ್ಣು, ತಿಪ್ಪೆ ಗೊಬ್ಬರ ಸೇರಿಸಿ ನೆಲದಿಂದ ಎತ್ತರಕ್ಕೆ ದಿಬ್ಬ ಮಾಡಿ ನೆಟ್ಟಿದ್ದು. ಮೊದಲ ವರ್ಷ ಆಗಾಗ ಬುಡ ತುಂಬ ನೀರು ಕೊಡಬೇಕು. ದಿನಾ ಒಂದೊಂದು ಚೊಂಬು ಹಾಕಿದರೆ ಬೇರು ಮೇಲೇ ಉಳಿಯುತ್ತದೆ. ಬುಡಕ್ಕೆ ಶೇಂಗಾ ಸಿಪ್ಪೆ ಹರಡಿದ್ದೇನೆ, ಬಿರುಕು ಬಿಡುವುದು ಕಡಿಮೆಯಾಗಿದೆ. ಬಿಸಿಲು ಮಾತ್ರ ಪೂರ್ತಿ ಬೇಕು. ನೆರಳಿನಲ್ಲಿ ಎಲೆ ಬರುತ್ತದೆ, ಹೂವು ಬರುವುದಿಲ್ಲ. ನಮ್ಮದು ಐದು ಎಸಳಿನ ಗುಲಾಬಿ ಬಣ್ಣದ್ದು. ಗುತ್ತಿ ಎಸಳಿನವು ನೋಡಲು ಚಂದ, ಆದರೆ ಬಾಡಿದ ಹೂವು ಗಿಡದಲ್ಲೇ ಕಂದಾಗಿ ಅಂಟಿಕೊಂಡಿರುತ್ತವೆ. ಇದು ಹಾಗೇ ಉದುರುತ್ತದೆ.

ಸಂಜೆ ಎದುರು ಮನೆಯ ವೈನಿ ಪೂಜೆಗೆ ಹೂವು ಒಯ್ಯಲು ಬಂದಿದ್ದರು. ತಮ್ಮ ಮನೆಗೂ ಒಂದು ಟೊಂಗೆ ಬೇಕು, ಆದರೆ ಹೆದರಿಕೆ.

"ಇದರಾಗ ವಿಷ ಇರ್ತೈತಂತಲ್ಲರೀ ಅಕ್ಕಾರ? ಮನ್ಯಾಗ ಸಣ್ಣ ಮಕ್ಕಳದಾವು. ಹೆಂಗ ಹಚ್ಚೋದ್ರೀ?"

"ಇರ್ತೈತ್ರೀ ವೈನಿ. ಎಲಿ, ಹೂವು, ಬೇರು, ಎಲ್ಲಾದ್ರಾಗೂ ಐತಿ. ತಿಳಕೊಂಡು ಹಚ್ಚಬೇಕು."

ಅವರಿಗೆ ಕೂತು ಎಲ್ಲ ಹೇಳಿದೆ. ಈ ವಿಷ ನೇರ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಮಗು ಎಲೆ ಅಗಿದದ್ದು ಗೊತ್ತಾದರೆ ಮನೆಮದ್ದು ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಕತ್ತರಿಸಿದ ಟೊಂಗೆಗಳನ್ನು ಒಲೆಗೆ ಹಾಕಬಾರದು, ಹೊಗೆಯೂ ಕೆಟ್ಟದ್ದು. ಹಸಿ ಎಲೆ ಕಹಿ ಅಂತ ದನ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಒಣಗಿದ ಎಲೆ ಮೇವಿನಲ್ಲಿ ಬೆರೆತರೆ ತಿಂದುಬಿಡುತ್ತವೆ, ಒಣಗಿದರೂ ವಿಷ ಹೋಗಿರುವುದಿಲ್ಲ. ಕತ್ತರಿಸುವಾಗ ಕೈಗವಸು, ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದು. ಇಷ್ಟು ಶಿಸ್ತು ಇರುವ ಮನೆಯಲ್ಲಿ ಕಣಗಿಲೆ ಧಾರಾಳವಾಗಿ ಇರಬಹುದು. ಇಲ್ಲದಿದ್ದರೆ ಬೇಡವೇ ಬೇಡ. ಈ ಮಾತನ್ನು ಮೆತ್ತಗೆ ಹೇಳುವ ಹಾಗಿಲ್ಲ.

ಎಲೆ ತಿನ್ನುತ್ತಿದ್ದ ಹುಳು ನೋಡಿ ವೈನಿ ಔಷಧ ಹೊಡೆಯಿರಿ ಅಂದರು. ನಾನು ಹೊಡೆಯುವುದಿಲ್ಲ. ಮೈಮೇಲೆ ಕಪ್ಪು ಎಳೆಗಳಿದ್ದ ಆ ಹುಳು, ಕಪ್ಪು ರೆಕ್ಕೆಯ ಅಂಚಿನಲ್ಲಿ ಬಿಳಿ ಚುಕ್ಕೆಗಳಿರುವ ಚಿಟ್ಟೆಯಾಗುತ್ತದೆ. ಅದರ ಗೂಡು ಎಲೆಯ ಅಡಿ ನೇತಾಡುವಾಗ ಬಂಗಾರದ ಓಲೆಯಂತೆ ಹೊಳೆಯುತ್ತದೆ. ಮನುಷ್ಯರಿಗೆ ವಿಷವಾದದ್ದು ಆ ಹುಳುವಿಗೆ ಊಟ! ನಾಲ್ಕು ಎಲೆ ಹೋದರೆ ಗಿಡಕ್ಕೆ ಏನೂ ಆಗುವುದಿಲ್ಲ. ಚಿಗುರಿಗೆ ಮುತ್ತುವ ಹಳದಿ ಹೇನು ಜಾಸ್ತಿಯಾದರೆ ಮಾತ್ರ ಆ ತುದಿಯನ್ನು ಚಿವುಟಿ ಹಾಕುತ್ತೇನೆ.

ಟೊಂಗೆ ಈಗಲೇ ಬೇಡ ಅಂದೆ. ರೋಹಿಣಿ ಮಳೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ ಟೊಂಗೆ ನೆಟ್ಟರೆ ಸುಲಭವಾಗಿ ಬೇರು ಬಿಡುತ್ತದೆ. ನಾನೂ ಆಗಲೇ ಸವರಬೇಕು. ಹೂವು ಬರುವುದು ಹೊಸ ಚಿಗುರಿನ ತುದಿಯಲ್ಲಿ, ಸವರದೆ ಬಿಟ್ಟರೆ ಗಿಡ ಎತ್ತರಕ್ಕೆ ಹೋಗಿ ಬುಡ ಬೋಳಾಗುತ್ತದೆ. ವೈನಿ ಗೇಟಿನ ಹೊರಗೆ ಹಚ್ಚುತ್ತೇನೆ ಅನ್ನುತ್ತಿದ್ದಾರೆ. ಅಲ್ಲಿ ದನ ಓಡಾಡುತ್ತವೆ, ಮಕ್ಕಳು ಆಡುತ್ತಾರೆ. ಹಿಂದಿನ ಗೋಡೆಯ ಪಕ್ಕ ಬಿಸಿಲು ಎಷ್ಟು ಹೊತ್ತು ಇರುತ್ತದೆ ಅಂತ ನಾಳೆ ಮಧ್ಯಾಹ್ನ ಹೋಗಿ ನೋಡಬೇಕು.