ಅದ್ರಲ್ಲಿ ನಿಮಗೇನ್ರೀ ಅರ್ಥ ಆಗುತ್ತೆ?

ಕೆಲವು ವರ್ಷಗಳಿಂದ ಒಂದು ರೂಢಿ ಇಟ್ಟುಕೊಂಡಿದ್ದೇನೆ. ವಾರಕ್ಕೊಂದು ಆಲ್ಬಂ, ಮೊದಲಿಂದ ಕೊನೆಯವರೆಗೆ, ನಡುವೆ ಒಂದನ್ನೂ ಹಾರಿಸದೆ ಕೇಳುವುದು. ಜಾಝ್, ರಾಕ್, ಹಿಂದೂಸ್ತಾನಿ, ಪಾಶ್ಚಾತ್ಯ ಶಾಸ್ತ್ರೀಯ, ಯಾವುದಾದರೂ ಸರಿ. ಜನ ಬಹಳ ಕಾಲದಿಂದ ‘ಶ್ರೇಷ್ಠ’ ಅನ್ನುತ್ತ ಬಂದಿರಬೇಕು, ಅಷ್ಟೆ. ಕೇಳಿ ಮುಗಿದ ಮೇಲೆ ನನಗೆ ಏನನ್ನಿಸಿತೋ ಅದನ್ನು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದಿಡುತ್ತೇನೆ. ನನಗೆ ಯಾವ ವಾದ್ಯವೂ ಬರುವುದಿಲ್ಲ. ಸ್ವರಲಿಪಿ ಓದಲು ಬಾರದು. ರಾಗದ ಹೆಸರು ಹೇಳಿದರೆ ನೆನಪಿಟ್ಟುಕೊಳ್ಳಬಲ್ಲೆ, ಕೇಳಿ ಗುರುತು ಹಿಡಿಯಲಾರೆ.

ಇದನ್ನು ಯಾರ ಮುಂದೆ ಹೇಳಿದರೂ ಬರುವ ಪ್ರಶ್ನೆ ಒಂದೇ: “ಅದ್ರಲ್ಲಿ ನಿಮಗೇನ್ರೀ ಅರ್ಥ ಆಗುತ್ತೆ?” ಹೇಳಿ ಹೇಳಿ ನನಗೆ ಸಾಕಾಗಿದೆ. ಒಂದು ಸಲ ಕೂತು ಬರೆದುಬಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಆ ಪ್ರಶ್ನೆಯನ್ನೇ ನೋಡಿ. ‘ಏನು ಅರ್ಥ ಆಯ್ತು’ ಅಂತ ಯಾರೂ ಕೇಳುವುದಿಲ್ಲ. ಕೇಳಿದ್ದರೆ ಸಂತೋಷದಿಂದ ಹೇಳುತ್ತಿದ್ದೆ. ‘ನಿಮಗೇನು’ ಅಂತ ಕೇಳುತ್ತಾರೆ. ಒತ್ತೆಲ್ಲ ಆ ‘ನಿಮಗೆ’ ಮೇಲೆಯೇ. ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ, ನನಗೆ ಅರ್ಥವಾಗುವುದಿಲ್ಲ ಅಂತ ನನ್ನ ಬಾಯಿಂದಲೇ ಹೊರಡಿಸಬೇಕಾಗಿರುತ್ತದೆ. ಗಣಿತದ ಲೆಕ್ಕ ಬಿಡಿಸಲಾಗದ ಹುಡುಗನನ್ನು ಬೋರ್ಡಿನ ಮುಂದೆ ನಿಲ್ಲಿಸಿದ ಹಾಗೆ.

ಒಬ್ಬ ಹಿರಿಯರ ಮನೆಯಲ್ಲಿ ಹೀಗೇ ಆಯಿತು. ಗೋಡೆಯುದ್ದಕ್ಕೂ ರೆಕಾರ್ಡುಗಳು, ಒಳ್ಳೆಯ ಪ್ಲೇಯರ್, ಸುತ್ತ ಏಳೆಂಟು ಜನ. ಅವರು ಸಂಗೀತವನ್ನು ಅರೆದು ಕುಡಿದವರು, ಅದರಲ್ಲಿ ಎರಡು ಮಾತಿಲ್ಲ. “ನೀವು ಈಚೆಗೆ ಏನು ಕೇಳಿದ್ರಿ?” ಅಂದರು. ಪಿಯಾನೋ ವಾದಕ ಗ್ಲೆನ್ ಗೂಲ್ಡ್ ನುಡಿಸಿದ, ಜರ್ಮನ್ ಸಂಗೀತಕಾರ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಅಂದೆ. 1981ರಲ್ಲಿ ನುಡಿಸಿದ್ದು. “ಅದರಲ್ಲಿ ಅವನು ಗುನುಗೋದು ಕೇಳಿಸುತ್ತೆ, ನನಗೆ ಅದು ತುಂಬ ಇಷ್ಟ” ಅಂತಲೂ ಸೇರಿಸಿದೆ. ಅವರು ಪಕ್ಕದವರ ಮುಖ ನೋಡಿ ನಕ್ಕರು. “ಬಾಖ್ ಬರೆದದ್ದನ್ನ ಬಿಟ್ಟು ಇವರು ಗುನುಗೋದನ್ನ ಕೇಳ್ತಾರಂತೆ. ಅದು ದೋಷ ಕಣ್ರೀ. ಅದ್ರಲ್ಲಿ ನಿಮಗೇನು ಅರ್ಥ ಆಗುತ್ತೆ?” ಎಲ್ಲರೂ ಮೆಲ್ಲಗೆ ನಕ್ಕರು. ನಾನು ಸುಮ್ಮನಾದೆ. ಮಾತು ಬೇರೆ ಕಡೆ ಹೊರಳಿತು.

ಆವತ್ತು ನಾಲಿಗೆ ತುದಿಗೆ ಬಂದು ವಾಪಸು ಹೋದದ್ದನ್ನು ಈಗ ಹೇಳುತ್ತೇನೆ.

ಗೂಲ್ಡ್ ಈ ಕೃತಿಯನ್ನು ಮೊದಲು ರೆಕಾರ್ಡ್ ಮಾಡಿದ್ದು 1955ರಲ್ಲಿ, 22ನೇ ವಯಸ್ಸಿನಲ್ಲಿ. ಒಂದು ಸಣ್ಣ ಆರಿಯಾ, ಅಂದರೆ ಹಾಡಿನಂಥ ಒಂದು ಧಾಟಿ, ಅದರ 30 ರೂಪಗಳು (ಅವೇ ವೇರಿಯೇಷನ್‌ಗಳು), ಕೊನೆಗೆ ಮತ್ತೆ ಅದೇ ಆರಿಯಾ. ಇಷ್ಟನ್ನೂ ಆಗ 38 ನಿಮಿಷ ಚಿಲ್ಲರೆಯಲ್ಲಿ ಮುಗಿಸಿಬಿಟ್ಟ. ಇಪ್ಪತ್ತಾರು ವರ್ಷ ಕಳೆದು ಅದನ್ನೇ ಮತ್ತೆ ನುಡಿಸಿದಾಗ 51 ನಿಮಿಷ ತೆಗೆದುಕೊಂಡ. 1982ರ ಅಕ್ಟೋಬರ್‌ನಲ್ಲಿ, 50 ತುಂಬಿ ಕೆಲವೇ ದಿನಗಳಲ್ಲಿ, ತೀರಿಕೊಂಡ. ಅಪ್ಪ ತಗ್ಗಿಸಿಕೊಟ್ಟಿದ್ದ ಮಡಚುವ ಕುರ್ಚಿಯ ಮೇಲೆ, ಮೂಗು ಕೀಲಿಮಣೆಗೆ ತಾಗುವಷ್ಟು ಕೆಳಗೆ ಕೂತು ಜೀವನವಿಡೀ ನುಡಿಸಿದವನು ಅವನು. ನುಡಿಸುವಾಗ ಗುನುಗುವುದನ್ನು ಬಿಡಲಾಗಲಿಲ್ಲ. ರೆಕಾರ್ಡಿಂಗ್ ಮಾಡುವವರಿಗೆ ಅದೊಂದು ತಲೆನೋವಾಗಿತ್ತು.

ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಸರಿಯಾಗಿ ಗೊತ್ತಾಗುತ್ತದೆ. ನಿಧಾನದ ಭಾಗಗಳಲ್ಲಿ ಎರಡು ಸ್ವರಗಳ ನಡುವೆ ಬಿಡುವು ಸಿಕ್ಕಿದಾಗ, ಹಿಂದಿನಿಂದ ಒಂದು ಗಂಡು ದನಿ. ಪಕ್ಕದ ಕೋಣೆಯಲ್ಲಿ ಯಾರೋ ಮಗುವನ್ನು ತಟ್ಟುತ್ತಿದ್ದಾರೇನೋ ಅನ್ನಿಸುವಂಥದ್ದು. ಬೆರಳು ನುಡಿಸುವುದನ್ನೇ ಅದು ಹಾಡುವುದಿಲ್ಲ, ಪಕ್ಕದಲ್ಲೇ ತನ್ನದೊಂದು ದಾರಿ ಹಿಡಿದು ಹೋಗುತ್ತದೆ. ಬೆರಳಿನಿಂದ ಬರಿಸಲಾಗದ್ದೇನನ್ನೋ ಗಂಟಲಿನಿಂದ ಬರಿಸಲು ನೋಡುತ್ತಿದ್ದಾನೆ ಅನ್ನಿಸಿತು ನನಗೆ. ಐವತ್ತರ ಹೊಸ್ತಿಲಲ್ಲಿರುವ ಒಬ್ಬ ಮನುಷ್ಯ, ಇಪ್ಪತ್ತೆರಡರಲ್ಲಿ ಓಡಿ ಮುಗಿಸಿದ ದಾರಿಯಲ್ಲಿ ಈಗ ನಡೆದು ಬರುತ್ತಿದ್ದಾನೆ, ತನ್ನಷ್ಟಕ್ಕೆ ಗುನುಗಿಕೊಂಡು. ಕೊನೆಯಲ್ಲಿ ಆ ಆರಿಯಾ ಮರಳಿ ಬಂದಾಗ ನನಗೆ ಕಣ್ಣು ತುಂಬಿತು. ಇದು ನನಗೆ ಅರ್ಥವಾದದ್ದು. ಇದು ಕಡಿಮೆಯೇ?

ದೋಷ ಅಂತೀರಿ. ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ನ ಆಲ್ಬಂ ನೆಬ್ರಾಸ್ಕಾ ಇದೆಯಲ್ಲ, 1982ರದು, ಅದನ್ನು ಅವನು ಮನೆಯಲ್ಲಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರ್ ಇಟ್ಟುಕೊಂಡು ಹಾಡಿದ್ದು. ಬ್ಯಾಂಡಿನವರಿಗೆ ಕೇಳಿಸಲೆಂದು ಮಾಡಿದ ಕರಡು. ಸ್ಟುಡಿಯೋದಲ್ಲಿ ಎಲ್ಲರೂ ಕೂಡಿ ಅದೇ ಹಾಡುಗಳನ್ನು ನುಡಿಸಿದರೆ ಕ್ಯಾಸೆಟ್ಟಿನಲ್ಲಿದ್ದದ್ದು ಬರಲಿಲ್ಲ. ಕೊನೆಗೆ ಆ ಕ್ಯಾಸೆಟ್ಟನ್ನೇ ಆಲ್ಬಂ ಮಾಡಿದರು. ಆ ಒರಟುತನ ತೆಗೆದರೆ ಅದರಲ್ಲಿ ಉಳಿಯುವುದೇನು?

ಇನ್ನು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ಕೈಂಡ್ ಆಫ್ ಬ್ಲೂ. ಜಾಝ್ ಬಲ್ಲವರು ಮೊದಲು ಕೈಗಿಡುವ ಆಲ್ಬಂ ಇದು. 1959ರಲ್ಲಿ ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನ ಕೂತು ರೆಕಾರ್ಡ್ ಮಾಡಿದ್ದು. ‘ಮೋಡಲ್’ ಅನ್ನುವ ಮಾತು ಇದರ ಜೊತೆ ಬಂದೇ ಬರುತ್ತದೆ. ನನಗೆ ಅದನ್ನು ಮೂರು ಜನ ವಿವರಿಸಿದ್ದಾರೆ, ಮೂರು ಸಲವೂ ತಲೆಗೆ ಹತ್ತಲಿಲ್ಲ. ಮೊದಲ ಸಲ ಕೇಳಿದ ದಿನ ನೋಟ್‌ಬುಕ್ಕಿನಲ್ಲಿ ಬರೆದದ್ದು ಇಷ್ಟು: “ಊದಿ ನಿಲ್ಲಿಸಿದ ಮೇಲೂ ಸದ್ದು ಮೇಲೆಲ್ಲೋ ಸುತ್ತುತ್ತಿರುತ್ತದೆ. ಯಾರಿಗೂ ಅವಸರವಿಲ್ಲ.” ಅದನ್ನು ರೆಕಾರ್ಡ್ ಮಾಡಿದ ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೋ ಮೊದಲು ಚರ್ಚ್ ಆಗಿತ್ತು, ಚಾವಣಿ ಬಹಳ ಎತ್ತರ ಅಂತ ತಿಳಿದದ್ದು ತಿಂಗಳುಗಳ ಮೇಲೆ. ಗೂಲ್ಡ್ ಗೋಲ್ಡ್‌ಬರ್ಗ್ ನುಡಿಸಿದ್ದೂ ಅಲ್ಲೇ, ಎರಡು ಸಲವೂ. ಎರಡನೆಯದು ಆ ಸ್ಟುಡಿಯೋ ಮುಚ್ಚುವ ವರ್ಷ. ಆಮೇಲೆ ಕಟ್ಟಡವನ್ನೇ ಕೆಡವಿದರು. ನನ್ನ ಪಾಲಿಗೆ ಇದು ಎಷ್ಟು ದೊಡ್ಡ ಸುದ್ದಿ ಅಂದರೆ, ಆವತ್ತು ರಾತ್ರಿ ಎರಡೂ ಆಲ್ಬಂಗಳನ್ನು ಒಂದರ ಹಿಂದೊಂದು ಕೇಳಿ ಮಲಗಿದೆ.

ಕೈಂಡ್ ಆಫ್ ಬ್ಲೂದೇ ಇನ್ನೊಂದು ಸಂಗತಿ. ಮೊದಲ ದಿನದ ರೆಕಾರ್ಡಿಂಗ್‌ನಲ್ಲಿ ಟೇಪ್ ಯಂತ್ರ ಚೂರು ನಿಧಾನವಾಗಿ ಓಡುತ್ತಿತ್ತು. ಹಾಗಾಗಿ ಸರಿಯಾದ ವೇಗದಲ್ಲಿ ಹಾಕಿದಾಗ ಎಲ್‌ಪಿಯ ಮೊದಲ ಮಗ್ಗುಲಿನ ಮೂರೂ ರಚನೆಗಳು ಅವರು ನುಡಿಸಿದ್ದಕ್ಕಿಂತ ಸ್ವಲ್ಪ ಮೇಲಿನ ಶ್ರುತಿಯಲ್ಲಿ, ಸ್ವಲ್ಪ ಬೇಗ ಕೇಳಿಸುತ್ತಿದ್ದವು. ಅದನ್ನು ತಿದ್ದಿ ಹೊರತಂದದ್ದು 1990ರ ದಶಕದಲ್ಲಿ. ಅಲ್ಲಿಯವರೆಗೆ, ಮೂವತ್ತು ವರ್ಷಕ್ಕೂ ಮಿಕ್ಕಿ, ಲಕ್ಷಾಂತರ ಜನ ಆ ತಪ್ಪು ಶ್ರುತಿಯನ್ನೇ ಕೇಳಿದರು. ಅದಕ್ಕೇ ಮರುಳಾದರು, ಅದನ್ನು ಹಾಕಿಕೊಂಡೇ ಅತ್ತರು, ನಿದ್ದೆ ಹೋದರು. ಅವರಿಗೆ ಆದದ್ದೆಲ್ಲ ಸುಳ್ಳೇ? ಅರ್ಥ ಅನ್ನುವುದು ಬರೀ ಸರಿಯಾದ ಸ್ವರದಲ್ಲಿದ್ದರೆ ಅವರಿಗೆ ಸಿಕ್ಕಿದ್ದೇನು ಮತ್ತೆ?

ಬ್ರಿಟಿಷ್ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ದಿ ಡಾರ್ಕ್ ಸೈಡ್ ಆಫ್ ದಿ ಮೂನ್‌ನಲ್ಲಂತೂ, 1973ರದು, ಒಂದು ಇಡೀ ಭಾಗದಲ್ಲಿ ಕ್ಲೇರ್ ಟೋರಿ ಅನ್ನುವ ಗಾಯಕಿ ಒಂದೇ ಒಂದು ಪದವಿಲ್ಲದೆ ಹಾಡುತ್ತಾಳೆ. ಪದ ಬೇಡ ಅಂತ ಬ್ಯಾಂಡಿನವರೇ ಹೇಳಿದ್ದು. ಅವಳು ಆಲಾಪದಲ್ಲಿ ಕಿರುಚಿ, ಬಿಕ್ಕಿ, ಕೊನೆಗೆ ಸೋತು ಪಿಸುಗುಟ್ಟುವ ಹೊತ್ತಿಗೆ ನನಗೆ ನನ್ನವರ ಸಾವೊಂದು ನೆನಪಾಗುತ್ತದೆ, ಪ್ರತಿ ಸಲವೂ. ಆ ದಿನದ ಹಾಡಿಕೆಗೆ ಅವಳಿಗೆ ಸಿಕ್ಕಿದ್ದು 30 ಪೌಂಡ್. ಅದರ ರಚನೆಯಲ್ಲಿ ತನ್ನ ಪಾಲೂ ಇದೆ ಅಂತ ಅವಳು ಕೋರ್ಟಿಗೆ ಹೋಗಿ, 2005ರಲ್ಲಿ ರಾಜಿಯಾಗಿ, ಆಮೇಲೆ ರಚನೆಕಾರರ ಸಾಲಿನಲ್ಲಿ ಅವಳ ಹೆಸರೂ ಬಂತು. ಬರಬೇಕಾದದ್ದೇ. ಆ ಹಾಡಿನಲ್ಲಿ ಅರ್ಥ ಅಂತ ಏನಾದರೂ ಇದ್ದರೆ ಅದು ಅವಳ ಗಂಟಲಿನಲ್ಲಿದೆ.

ಇಷ್ಟು ಬರೆದ ಮೇಲೆ ಒಂದು ಮಾತು ಹೇಳಲೇಬೇಕು. ನನ್ನನ್ನು ಯಾರಾದರೂ ಬೇರೆ ಪ್ರಶ್ನೆ ಕೇಳಬಾರದೇ ಅಂತ ಎಷ್ಟೋ ಸಲ ಅನ್ನಿಸಿದೆ. ‘ಎಷ್ಟನೇ ಸಲಕ್ಕೆ ಹಿಡಿಸಿತು?’ ಅಂತ. ಇದಕ್ಕೆ ಉತ್ತರ ಹೇಳಲು ನನಗೆ ಒಂದು ಸಂಜೆ ಸಾಲದು.

ಕಾಲ್ ಆಫ್ ದಿ ವ್ಯಾಲಿ ಮೊದಲ ಸಲಕ್ಕೇ. 1967ರ ಆಲ್ಬಂ. ಶಿವಕುಮಾರ ಶರ್ಮಾರ ಸಂತೂರ್, ಹರಿಪ್ರಸಾದ್ ಚೌರಾಸಿಯಾರ ಕೊಳಲು, ಬ್ರಿಜ್ ಭೂಷಣ್ ಕಾಬ್ರಾರ ಗಿಟಾರ್. ಕಾಶ್ಮೀರದ ಕುರುಬನೊಬ್ಬನ ಒಂದು ದಿನ, ಬೆಳಗಿನ ಆಹಿರ್ ಭೈರವ್‌ನಿಂದ ಶುರು. ರಾಗ ಬಾರದವನಿಗೂ ಹೊತ್ತು ಏರುವುದು, ಇಳಿಯುವುದು ತಿಳಿಯುತ್ತದೆ. ಸಂತೂರ್ ಹನಿಹನಿಯಾಗಿ ಬೀಳುವಾಗ ಅದರಡಿಯಿಂದ ಗಿಟಾರ್ ಒಂದು ಸ್ವರವನ್ನು ಎಳೆದುಕೊಂಡು ಹೋಗುವುದಿದೆಯಲ್ಲ, ಅಲ್ಲಿಗೆ ನಾನು ಶರಣು.

ಎ ಲವ್ ಸುಪ್ರೀಂ ಮೂರನೇ ಸಲಕ್ಕೆ. ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ತನ್ನ ಮೂವರು ಜೊತೆಗಾರರೊಡನೆ 1964ರ ಡಿಸೆಂಬರ್ 9ರಂದು, ಒಂದೇ ದಿನದಲ್ಲಿ ನುಡಿಸಿದ ನಾಲ್ಕು ಭಾಗಗಳು. ಮೊದಲ ಸಲ ಪಾತ್ರೆ ತೊಳೆಯುತ್ತ ಕೇಳಿದೆ. ಸ್ಯಾಕ್ಸೊಫೋನ್ ತಾರಕಕ್ಕೆ ಹೋದಾಗ ಒದ್ದೆ ಕೈಯಲ್ಲೇ ಆಫ್ ಮಾಡಿದೆ. “ಇಷ್ಟು ಕೂಗಾಟ ಯಾಕೆ?” ಅಂತ ನೋಟ್‌ಬುಕ್ಕಿನಲ್ಲಿದೆ. ಎರಡನೇ ಸಲ, ಮೊದಲ ಭಾಗದಲ್ಲಿ ಬಾಸ್ ನುಡಿಸುವ ನಾಲ್ಕು ಸ್ವರ ಕಿವಿಗೆ ಬಿತ್ತು. ಆ ನಾಲ್ಕೇ ಸ್ವರವನ್ನು ಕೋಲ್ಟ್ರೇನ್ ಎತ್ತಿಕೊಂಡು ಶ್ರುತಿಯಿಂದ ಶ್ರುತಿಗೆ ಹೊತ್ತುಕೊಂಡು ತಿರುಗುತ್ತಾನೆ, ದೇವರ ಹೆಸರನ್ನು ಬಾಗಿಲು ಬಾಗಿಲಿಗೂ ಹೇಳಿ ಬರುವವನ ಹಾಗೆ. ಕೊನೆಗೆ ವಾದ್ಯ ಕೆಳಗಿಟ್ಟು ಅದನ್ನೇ ಬಾಯಲ್ಲಿ ಜಪಿಸುತ್ತಾನೆ. ಆಗ ಸ್ವಲ್ಪ ಹತ್ತಿರ ಬಂತು, ಆದರೂ ಕೊನೆಯ ಭಾಗ ದೂರವೇ ಉಳಿಯಿತು. ತಾಳವಿಲ್ಲ, ಹಿಡಿಯಲು ಏನೂ ಇಲ್ಲ.

ಆಮೇಲೆ ಸ್ನೇಹಿತರೊಬ್ಬರು ಒಂದೇ ಒಂದು ಮಾತು ಹೇಳಿದರು: “ಕವರ್‌ನಲ್ಲಿ ಅವನು ಬರೆದ ಪ್ರಾರ್ಥನೆ ಇದೆ, ಅದನ್ನು ಮುಂದಿಟ್ಟುಕೊಂಡು ಕೇಳು.” ಇಟ್ಟುಕೊಂಡೆ. ಸಾಲಿನ ಮೇಲೆ ಬೆರಳಿಟ್ಟೆ. ಸ್ಯಾಕ್ಸೊಫೋನ್ ಶುರುವಾಯಿತು. ಅವನು ಆ ಪ್ರಾರ್ಥನೆಯನ್ನೇ ಓದುತ್ತಿದ್ದಾನೆ, ಉಸಿರಲ್ಲಿ, ಒಂದೊಂದು ಉಚ್ಚಾರಕ್ಕೆ ಒಂದೊಂದು ಸ್ವರದಂತೆ. ದೇವರಿಗೆ ವಂದನೆ ಹೇಳುವ ಮಾತು ಬಂದಲ್ಲೆಲ್ಲ ದನಿ ತಗ್ಗಿ ಒಂದೇ ಕಡೆ ಬಂದು ಕೂರುತ್ತದೆ. ಬೆರಳು ಸಾಲಿನಿಂದ ಸಾಲಿಗೆ ಜಾರುತ್ತ ಹೋಯಿತು, ಎಲ್ಲೂ ತಪ್ಪಲಿಲ್ಲ. ಎರಡು ವರ್ಷ ನಾನು ಕೂಗಾಟ ಅಂದುಕೊಂಡಿದ್ದದ್ದು ಒಬ್ಬ ಮನುಷ್ಯ ಬಾಯಿಬಿಟ್ಟು ಪ್ರಾರ್ಥನೆ ಮಾಡುತ್ತಿದ್ದದ್ದು.

ಹಾಗಾದರೆ ತಿಳಿದವರ ತಿಳಿವಳಿಕೆ ಬೇಡವೇ ಅಂದರೆ, ಬೇಕು. ಬಹಳ ಬೇಕು. ಸ್ನೇಹಿತರ ಆ ಒಂದು ಮಾತಿಲ್ಲದಿದ್ದರೆ ನಾನು ಇವತ್ತಿಗೂ ಹೊರಗೇ ನಿಂತಿರುತ್ತಿದ್ದೆ. ನನ್ನ ಸಿಟ್ಟು ತಿಳಿದವರ ಮೇಲಲ್ಲ, ತಿಳಿದದ್ದನ್ನು ಬಾಗಿಲ ಅಗುಳಿ ಮಾಡಿಕೊಂಡವರ ಮೇಲೆ. ಹಿಡಿಸಿತು ಅಂದರೆ ‘ನಿಮಗೇನು ಅರ್ಥ ಆಯ್ತು’. ಹಿಡಿಸಲಿಲ್ಲ ಅಂದರೆ ‘ನಿಮಗೆ ಅರ್ಥ ಆಗಿಲ್ಲ’. ಎರಡಕ್ಕೂ ಬಾಯಿ ಮುಚ್ಚಿಸುವುದಾದರೆ ಈ ಆಲ್ಬಂಗಳನ್ನು ಮಾಡಿದ್ದಾದರೂ ಯಾರಿಗೆ?

ಹಿಡಿಸದ್ದೂ ಇದೆ, ಹೇಳಿಬಿಡುತ್ತೇನೆ. ಅಮೆರಿಕದ ರಾಕ್ ಗಾಯಕ ಕ್ಯಾಪ್ಟನ್ ಬೀಫ್‌ಹಾರ್ಟ್‌ನ ಟ್ರೌಟ್ ಮಾಸ್ಕ್ ರೆಪ್ಲಿಕಾ, 1969, ಒಟ್ಟು 28 ತುಣುಕು. ಒಬ್ಬೊಬ್ಬರು ಒಂದೊಂದು ಕಡೆ ಎಳೆದಂತೆ ಕೇಳುತ್ತದೆ. ಮನಸ್ಸಿಗೆ ಬಂದದ್ದು ನುಡಿಸಿದ್ದಾರೆ ಅಂದುಕೊಂಡಿದ್ದೆ. ಇಲ್ಲ, ಒಂದು ಮನೆಯಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿಕೊಂಡು ತಾಲೀಮು ಮಾಡಿ ನುಡಿಸಿದ್ದು. ಗೊತ್ತಾದ ಮೇಲೆ ಆ ವಾದಕರ ಬಗ್ಗೆ ಗೌರವ ಹೆಚ್ಚಾಯಿತು, ಮರುಕವೂ ಹುಟ್ಟಿತು. ಪ್ರೀತಿ ಮಾತ್ರ ಹುಟ್ಟಿಲ್ಲ. ಮೂರು ಸಲ ಕೂತಿದ್ದೇನೆ, ಮೂರು ಸಲವೂ ಅರ್ಧಕ್ಕೆ ಎದ್ದಿದ್ದೇನೆ. ಮುಂದಿನ ವಾರ ಮತ್ತೆ ಅದರ ಸರದಿ.

ಆ ಹಿರಿಯರು ಇದನ್ನು ಓದಿದರೆ ಅವರಿಗೆ ಒಂದು ಕೋರಿಕೆ. ಸರ್, ಗೋಲ್ಡ್‌ಬರ್ಗ್‌ನ 25ನೆಯ ವೇರಿಯೇಷನ್ ಇದೆಯಲ್ಲ, ಬಲ್ಲವರೆಲ್ಲ ದನಿ ತಗ್ಗಿಸಿ ಅದರ ಬಗ್ಗೆ ಮಾತಾಡುತ್ತಾರೆ. ನನಗೆ ಅದು ತುಂಬ ದುಃಖದ್ದು ಅಂತ ಮಾತ್ರ ಗೊತ್ತು. ಬಾಖ್ ಅಲ್ಲಿ ಏನು ಮಾಡಿದ್ದಾನೆ ಅಂತ ನೀವು ಒಂದು ಸಲ ಹೇಳಿಕೊಡಿ, ಬರುತ್ತೇನೆ. ನಿಮ್ಮ ಪ್ಲೇಯರಿನ ಮುಂದೆ ಕೂತು ಕೇಳುತ್ತೇನೆ. ಗುನುಗು ಎಲ್ಲೆಲ್ಲಿ ಬರುತ್ತದೆ ಅಂತ ನಾನು ತೋರಿಸುತ್ತೇನೆ.