ಎರಡನೆಯ ಕಾರ್ಬ್ಯುರೇಟರಿನ ರಬ್ಬರ್ ಬಿರಡೆ

1980ರ ಸುಝುಕಿ ಜಿಎಸ್ 850 ಬೈಕೊಂದರ, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ನಾಲ್ಕು ಕಾರ್ಬ್ಯುರೇಟರ್‌ಗಳ ರ‍್ಯಾಕ್ ಬಿಚ್ಚಿ, ಒಳಗಿನ ರಬ್ಬರ್ ಭಾಗಗಳನ್ನೆಲ್ಲ ಹೊಸದಾಗಿಸುವ ಕೆಲಸ ಕಳೆದ ವರ್ಷ ನನ್ನ ಬೆಂಚಿಗೆ ಬಂದಿತ್ತು. ಆ ದಿನದ ನೆನಪು ಈಗಲೂ ಚುಚ್ಚುತ್ತದೆ. ನಾಲ್ಕೂ ಬೌಲ್ (ಕಾರ್ಬ್ಯುರೇಟರಿನ ತಳದ ಪೆಟ್ರೋಲ್ ಬಟ್ಟಲು) ಗ್ಯಾಸ್ಕೆಟ್‌ಗಳು ಮುಟ್ಟಿದರೆ ಮುರಿಯುವಷ್ಟು ಒಣಗಿದ್ದವು. ಐಡಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ತಿರುವದೆ ಎಂಜಿನ್ ನಿಧಾನವಾಗಿ ಓಡುವಾಗ, ಪೆಟ್ರೋಲಿನ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂಗಳ ಓ-ರಿಂಗ್‌ಗಳಲ್ಲಿ ಎರಡು ರಂಧ್ರದ ತಳದಲ್ಲೇ ಅಂಟಿಕೊಂಡಿದ್ದರಿಂದ ಬಾಗಿಸಿದ ತಂತಿಯಿಂದ ಎಬ್ಬಿಸಬೇಕಾಯಿತು. ಡಯಾಫ್ರಾಮ್‌ಗಳನ್ನು ಬೆಳಕಿಗೆ ಹಿಡಿದು ನೋಡಿದೆ, ತೂತು ಕಾಣಲಿಲ್ಲ.

ಇಷ್ಟು ಎಚ್ಚರ ವಹಿಸಿದವನು, ಐಡಲಿಂಗ್‌ಗೆ ಪೆಟ್ರೋಲ್ ಅಳೆದುಕೊಡುವ ಸಣ್ಣ ತೂತಿನ ಪೈಲಟ್ ಜೆಟ್‌ಗಳ ಬಾಯಿಗೆ ಹಾಕಿದ್ದ ರಬ್ಬರ್ ಬಿರಡೆಗಳ ವಿಷಯದಲ್ಲಿ ಮಾತ್ರ ಅಸಡ್ಡೆ ತೋರಿದೆ. ಉಗ್ರಾಣದಿಂದ ಬಂದ ಕಿಟ್‌ನಲ್ಲಿ ಅವು ಇರಲಿಲ್ಲ. ಕಿಟ್‌ನಲ್ಲಿ ಇಲ್ಲದ್ದು ಮುಖ್ಯವಾಗಿರಲಾರದು, ಬಹುಶಃ ಕಸ ಸೇರದಂತೆ ಹಾಕಿದ ಮುಚ್ಚಳವಿರಬೇಕು ಎಂದು ನಾನೇ ತೀರ್ಮಾನಿಸಿಕೊಂಡೆ. ಹಳೆಯ ಬಿರಡೆಗಳನ್ನು ಕಾರ್ಬ್ ಕ್ಲೀನರ್ ಸಿಂಪಡಿಸಿ ತೊಳೆದದ್ದು ಇನ್ನೂ ದೊಡ್ಡ ತಪ್ಪು. ಆ ದ್ರಾವಣದಲ್ಲಿ ಹಳೆಯ ರಬ್ಬರ್ ಮೊದಲು ಉಬ್ಬಿ, ಒಣಗಿದ ಮೇಲೆ ಕುಗ್ಗಿ ಗಟ್ಟಿಯಾಗುತ್ತದೆ. ಮೂರು ಬಿರಡೆಗಳು ಬಿಗಿಯಾಗಿಯೇ ಕುಳಿತವು. ಎರಡನೆಯ ಕಾರ್ಬ್ಯುರೇಟರಿನದು ಸ್ವಲ್ಪ ಸಡಿಲವಿದೆ ಎಂದು ಬೆರಳಿಗೆ ತಿಳಿದಿತ್ತು. ಆದರೂ ಬೌಲ್ ಮುಚ್ಚಿದೆ.

ನಾಲ್ಕು ಕಾರ್ಬ್ಯುರೇಟರ್‌ಗಳನ್ನೂ ಸಮಕ್ಕೆ ತರಲು ಸಿಂಕ್ ಮಾಡುವಾಗ ನಾಲ್ಕು ಗೇಜ್‌ಗಳೂ ಒಂದೇ ಮಟ್ಟ ತೋರಿಸಿದವು, ಐಡಲಿಂಗ್ ಮಾತ್ರ ನಿಲ್ಲಲಿಲ್ಲ. ನಿಮಿಷಕ್ಕೆ 1100 ಸುತ್ತಿಗೆ ಇಟ್ಟರೆ 800ಕ್ಕೆ ಇಳಿದು, ತಡವರಿಸಿ ಮತ್ತೆ ಏರುತ್ತಿತ್ತು. ಎರಡನೆಯ ಸಿಲಿಂಡರಿನ ಪ್ಲಗ್ ತೆಗೆದಾಗ ಒಣ ಮಸಿ ಮೆತ್ತಿತ್ತು. ಅದನ್ನು ಮೂರನೆಯದರ ಪ್ಲಗ್‌ನೊಂದಿಗೆ ಅದಲುಬದಲು ಮಾಡಿದೆ. ಮಸಿ ಎರಡನೆಯದರಲ್ಲೇ ಉಳಿಯಿತು. ಎರಡಕ್ಕೂ ಮೂರಕ್ಕೂ ಕಿಡಿ ಕೊಡುವ ಒಂದೇ ಕಾಯಿಲ್ ಇದ್ದು, ಮೂರು ಚೊಕ್ಕಟವಾಗಿ ಉರಿಯುತ್ತಿದ್ದರೂ ನಾನು ಕಾಯಿಲ್ ಮೇಲೆಯೇ ಅನುಮಾನಪಟ್ಟು ಅರ್ಧ ಗಂಟೆ ಕಳೆದೆ. ಬೈಕಿನ ಮಾಲೀಕರು ಹೊರಗೆ ಕುಳಿತಿದ್ದರು. ಮೇಲ್ವಿಚಾರಕರು ಪ್ರತಿ ಹತ್ತು ನಿಮಿಷಕ್ಕೊಮ್ಮೆ ಬಂದು ‘ಇನ್ನೆಷ್ಟು ಹೊತ್ತು’ ಎಂದು ಕೇಳುತ್ತಿದ್ದರು; ಆ ಪ್ರಶ್ನೆಯಿಂದ ಕೈಯ ವೇಗ ಹೆಚ್ಚಿತೇ ಹೊರತು ಯೋಚನೆ ಸ್ಪಷ್ಟವಾಗಲಿಲ್ಲ. ಉಳಿದ ಮೂರರಲ್ಲಿ ಎರಡೂವರೆ ಸುತ್ತು ತೆರೆದಿದ್ದ ಮಿಕ್ಸ್ಚರ್ ಸ್ಕ್ರೂವನ್ನು ಇದರಲ್ಲಿ ಮುಕ್ಕಾಲು ಸುತ್ತಿಗೆ ತಂದ ಮೇಲೆ ಎಂಜಿನ್ ಸ್ವಲ್ಪ ನೆಮ್ಮದಿಯಾಗಿ ಓಡಿತು. ಅಲ್ಲಿಗೆ ನಿಲ್ಲಿಸಿ ಬೈಕು ಒಪ್ಪಿಸಿಬಿಡಬಹುದಿತ್ತು, ಹಾಗೆ ಮಾಡುವ ಮನಸ್ಸೂ ಒಂದು ಕ್ಷಣ ಬಂದಿತ್ತು. ಆದರೆ ಒಂದೇ ರ‍್ಯಾಕಿನ ನಾಲ್ಕು ಕಾರ್ಬ್ಯುರೇಟರ್‌ಗಳಲ್ಲಿ ಒಂದಕ್ಕೆ ಮಾತ್ರ ಅಷ್ಟು ಕಡಿಮೆ ಸಾಕಾಗುವುದಾದರೆ, ಪೆಟ್ರೋಲ್ ಬೇರೊಂದು ದಾರಿಯಿಂದ ಬರುತ್ತಿರಲೇಬೇಕು.

ಆಗ ಮೊದಲ ಬಾರಿಗೆ ಇಂಧನದ ದಾರಿಯನ್ನು ಮನಸ್ಸಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ನಡೆದು ನೋಡಿದೆ. ಈ ಮಿಕುನಿ ಬಿಎಸ್ ಕಾರ್ಬ್ಯುರೇಟರಿನಲ್ಲಿ ಪೈಲಟ್ ಜೆಟ್ ನೇರವಾಗಿ ಬೌಲಿನಿಂದ ಪೆಟ್ರೋಲ್ ಸೆಳೆಯುವುದಿಲ್ಲ. ಮೇನ್ ಜೆಟ್ ಅಳೆದುಕೊಟ್ಟದ್ದು ಪಕ್ಕದ ಕಿರುದಾರಿಯಿಂದ ಅದಕ್ಕೆ ತಲುಪುತ್ತದೆ. ಕೆಳಗಿನ ಬಾಯಿಯನ್ನು ಮುಚ್ಚಿ ಆ ವ್ಯವಸ್ಥೆಯನ್ನು ಉಳಿಸುವುದೇ ರಬ್ಬರ್ ಬಿರಡೆ. ಅದು ಕಳಚಿದರೆ ಬೌಲಿನ ಪೆಟ್ರೋಲ್ ನೇರವಾಗಿ ಪೈಲಟ್ ಜೆಟ್‌ಗೆ ನುಗ್ಗಿ ಐಡಲಿಂಗ್ ರಿಚ್ ಆಗುತ್ತದೆ, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಅಗತ್ಯಕ್ಕಿಂತ ಹೆಚ್ಚಾಗುತ್ತದೆ. ಬೆರಳಿಗೆ ತಿಳಿದಿದ್ದ ಆ ಸಡಿಲ ಆಗ ನೆನಪಾಯಿತು.

ಎರಡನೆಯ ಬೌಲ್ ಬಿಚ್ಚಿ ಟ್ರೇಗೆ ಸುರಿದಾಗ ಪೆಟ್ರೋಲಿನ ಜೊತೆ ಆ ಕಪ್ಪು ಬಿರಡೆಯೂ ಬಂದು ಬಿದ್ದಿತು. ಕಳಚಿಟ್ಟಿದ್ದ ಇನ್ನೊಂದು ರ‍್ಯಾಕಿನಿಂದ ಮೆತ್ತಗಿದ್ದ ಬಿರಡೆಯೊಂದನ್ನು ಹಾಕಿ, ಸ್ಕ್ರೂವನ್ನು ಮತ್ತೆ ಎರಡೂವರೆ ಸುತ್ತಿಗೆ ತಂದೆ. 1100ರಲ್ಲಿ ಮುಳ್ಳು ಅಲುಗದೆ ನಿಂತಿತು. ಉಳಿದ ಮೂರನ್ನೂ ಬದಲಿಸದೆ ಬೈಕು ಕೊಡಲು ನನಗೆ ಮನಸ್ಸಾಗಲಿಲ್ಲ. ಮಾಲೀಕರಿಗೆ ನಡೆದದ್ದನ್ನು ಹೇಳಿ, ಹೊಸ ಬಿರಡೆಗಳು ಬರುವವರೆಗೆ ಬೈಕನ್ನು ನಮ್ಮಲ್ಲೇ ಇಟ್ಟುಕೊಂಡೆ.

ಜಾಬ್ ಕಾರ್ಡಿನಲ್ಲಿ ಆ ಗಂಟೆಗಳನ್ನು ‘ಹೆಚ್ಚುವರಿ ಟ್ಯೂನಿಂಗ್’ ಎಂದು ಬರೆಯುವಂತೆ ಮೇಲ್ವಿಚಾರಕರು ಸೂಚಿಸಿದರು. ನಾನು ‘ಜೋಡಣೆಯ ದೋಷ, ಶುಲ್ಕವಿಲ್ಲ’ ಎಂದು ಬರೆದು ಸಹಿ ಮಾಡಿದೆ. ಅವರಿಗೆ ಅದು ಹಿಡಿಸಲಿಲ್ಲ. ಉಗ್ರಾಣಕ್ಕೆ ಈ ಬಿರಡೆಗಳನ್ನು ಕಿಟ್‌ನೊಂದಿಗೇ ತರಿಸಬೇಕೆಂದು ಎರಡು ಸಲ ಬರೆದುಕೊಟ್ಟಿದ್ದೇನೆ. ಇಂದಿಗೂ ಪ್ರತಿ ಬಾರಿ ಪ್ರತ್ಯೇಕವಾಗಿ ಕೇಳಿ ಪಡೆಯಬೇಕಾಗಿದೆ.