ಕಿಣಿ ಟೋಲಿನ ಮೆಸೇಜು ಬರದ ರಾತ್ರಿ

ನಮ್ಮದು ಮದ್ದೂರು ಹತ್ತಿರದ ಊರು. ಮದ್ದೂರು ಎಪಿಎಂಸಿಯಿಂದ ಎಳನೀರು ಲೋಡ್ ಮಾಡಿಕೊಂಡು ಮುಂಬೈ ಕಡೆ ವಾಶಿ ಮಾರ್ಕೆಟ್ಟಿಗೆ ಹೋಗುತ್ತೇನೆ. ಗಾಡಿ ನನ್ನದೇ, ಆರು ಚಕ್ರದ್ದು, ಸಾಲ ಇನ್ನೂ ತೀರಿಲ್ಲ. ಕ್ಲೀನರ್ ಇಟ್ಟುಕೊಂಡರೆ ಕೈಗೆ ಏನೂ ಉಳಿಯಲ್ಲ, ಹಾಗಾಗಿ ಒಬ್ಬನೇ ಹೋಗಿ ಬರುತ್ತೇನೆ.

ನಾನು ಎಲ್ಲಿದ್ದೀನಿ ಅಂತ ಮನೆಯವರಿಗೆ ಜಾಸ್ತಿ ಗೊತ್ತಾಗೋದು ಫೋನ್ ಮಾತಿನಿಂದ ಅಲ್ಲ, ಟೋಲಿನ ಮೆಸೇಜಿನಿಂದ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯ ಆಯ್ತಲ್ಲ, ನಾನು ಅದನ್ನು ಮಾಡಿಸುವಾಗ ಹೆಂಡತಿ ನಂಬರ್ ಕೊಟ್ಟಿದ್ದೆ. ದುಡ್ಡು ಹಾಕುವವಳು ಅವಳೇ, ಮೆಸೇಜೂ ಅವಳಿಗೇ ಬರಲಿ ಅಂತ ಅಷ್ಟೇ ಇದ್ದದ್ದು. ಆದರೆ ಪ್ರತಿ ಟೋಲಿನಲ್ಲಿ ದುಡ್ಡು ಕಟ್ ಆದಾಗಲೂ ಟೋಲಿನ ಹೆಸರು ಸಮೇತ ಮೆಸೇಜ್ ಬರುತ್ತದೆ. ಆರನೇ ಕ್ಲಾಸಿನ ಮಗಳು ಅದನ್ನು ಓದಿ ಹೇಳೋಕೆ ಶುರು ಮಾಡಿದಳು, ರಫ್ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಟೈಮ್ ಹಾಕಿ ಬರೆದಿಡೋಕೆ ಶುರು ಮಾಡಿದಳು. ಹುಲಿಯೂರುದುರ್ಗ, ಕುಣಿಗಲ್ ಮೇಲೆ ಹೋಗಿ ತುಮಕೂರಿನಲ್ಲಿ ಹೈವೇ ಹತ್ತಿದ ಮೇಲೆ ಮೊದಲು ಕರಜೀವನಹಳ್ಳಿ, ಆಮೇಲೆ ಗುಯಿಲಾಳು, ಹೆಬ್ಬಾಳು, ಚಳಗೇರಿ, ಬಂಕಾಪುರ, ಬೆಳಗಾವಿ ದಾಟಿದರೆ ಹತ್ತರಗಿ, ಗಡಿಯಲ್ಲಿ ಕೊಗನೋಳಿ, ಕೊಲ್ಹಾಪುರ ಕಳೆದ ಮೇಲೆ ಕಿಣಿ, ತಾಸವಡೆ, ಆನೇವಾಡಿ. ನಮ್ಮ ಅವ್ವನಿಗೆ ಓದೋಕೆ ಬರಲ್ಲ. ಆದರೆ ಸೋಬಾನೆ ಪದ ಎಷ್ಟೋ ಬಾಯಲ್ಲಿವೆ, ಈ ಹೆಸರುಗಳೂ ಈಗ ಹಾಗೇ ಸಾಲಾಗಿ ಬರುತ್ತವೆ. ಕೊಲ್ಹಾಪುರ ಒಂದು ಸಲವೂ ನೋಡದವಳು ಅವಳು.

ವಾಟ್ಸಾಪಿನಲ್ಲಿ ಲೈವ್ ಲೊಕೇಶನ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಹಾಕಿ ನೋಡಿದ್ದೇನೆ. ಜಾಸ್ತಿ ಅಂದರೆ ಎಂಟು ಗಂಟೆ, ಆಮೇಲೆ ಮತ್ತೆ ಹಾಕಬೇಕು, ಬ್ಯಾಟರಿ ಬೇರೆ ಬೇಗ ಇಳಿಯುತ್ತದೆ. ಓಡಿಸುವಾಗ ನಾನು ಫೋನ್ ಮುಟ್ಟಲ್ಲ. ವಿಡಿಯೋ ಕಾಲ್ ಏನಿದ್ದರೂ ಗಾಡಿ ಸೈಡಿಗೆ ಹಾಕಿದ ಮೇಲೆ. ಟೋಲಿನ ಮೆಸೇಜ್ ಹಾಗಲ್ಲ, ನಾನು ಏನೂ ಮಾಡದೆ ತಾನಾಗೇ ಮನೆಗೆ ಹೋಗುತ್ತದೆ.

ಹೋದ ಯುಗಾದಿಗೆ ಒಂದು ವಾರ ಮುಂಚೆ ಅದು ಹೋಗಲಿಲ್ಲ.

ನಿಪ್ಪಾಣಿ ಹತ್ತಿರ ಟೀ ಕುಡಿಯುತ್ತಾ ಮನೆಗೆ ವಿಡಿಯೋ ಕಾಲ್ ಮಾಡಿದ್ದೆ. ಮಗಳು ಪರೀಕ್ಷೆಗೆ ಓದುತ್ತಾ ಕೂತಿದ್ದಳು. ಕಿಣಿ ದಾಟಿ ಕರಾಡಿನ ತನಕ ಹೋಗಿ ಮಲಗ್ತೀನಿ, ಮಲಗೋ ಮುಂಚೆ ಫೋನ್ ಮಾಡ್ತೀನಿ ಅಂದೆ. ಫೋನಿನಲ್ಲಿ ಆಗಲೇ ಚಾರ್ಜ್ ಕಮ್ಮಿ ಇತ್ತು. ಕ್ಯಾಬಿನ್ನಿನ ಚಾರ್ಜರ್ ವೈರು ಎರಡು ದಿನದಿಂದ ಸತಾಯಿಸುತ್ತಿತ್ತು, ಹಿಡಿದುಕೊಂಡರೆ ಹತ್ತುತ್ತಿತ್ತು, ಬಿಟ್ಟರೆ ಇಲ್ಲ. ಕೊಗನೋಳಿ ದಾಟುವಷ್ಟರಲ್ಲಿ ಫೋನ್ ಆಫ್ ಆಯ್ತು. ಪರವಾಗಿಲ್ಲ, ಕಿಣಿಯ ಮೆಸೇಜ್ ಹೇಗೂ ಹೋಗುತ್ತೆ ಅಂತ ನಾನೂ ಧೈರ್ಯವಾಗಿದ್ದೆ.

ಕಿಣಿಯಲ್ಲಿ ಗೇಟ್ ಏಳಲಿಲ್ಲ. ಹುಡುಗ ಕೈಯಲ್ಲಿ ಮಷಿನ್ ಹಿಡಿದು ಬಂದು ಗ್ಲಾಸಿಗೆ ತೋರಿಸಿ, ಬ್ಲಾಕ್‌ಲಿಸ್ಟ್ ಅಂದ. ಕೆವೈಸಿ ಬಾಕಿ ಇತ್ತಂತೆ. ಅದಕ್ಕೂ ಹೆಂಡತಿ ಫೋನಿಗೆ ಮೆಸೇಜ್ ಬಂದಿತ್ತು, ದಿನಾ ಬರುವ ಲೋನ್ ಮೆಸೇಜುಗಳ ಮಧ್ಯೆ ಅದೂ ಒಂದು ಅಂತ ಬಿಟ್ಟುಬಿಟ್ಟಿದ್ದಳು. ಪಾಪ, ಯಾರಿಗೆ ಗೊತ್ತಾಗುತ್ತೆ? ಹಿಂದೆ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಡಬಲ್ ದುಡ್ಡು ಕ್ಯಾಶ್ ಕೊಟ್ಟು ಬಂದೆ.

ಕ್ಯಾಶ್ ಕೊಟ್ಟರೆ ಮೆಸೇಜ್ ಹೋಗಲ್ಲ ಅಂತ ಹೊಳೆದದ್ದು ಕರಾಡಿಗೆ ಸ್ವಲ್ಪ ಮುಂಚೆ, ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿದ ಮೇಲೆ. ಆಗ ರಾತ್ರಿ ಒಂದು ಗಂಟೆ ದಾಟಿತ್ತು. ಬಂಕಿನ ಹುಡುಗನ ಹತ್ತಿರ ಚಾರ್ಜರ್ ಕೇಳಿದೆ, ಅವನದು ಹಳೇ ಪಿನ್ನು, ನನ್ನ ಫೋನಿಗೆ ಆಗಲಿಲ್ಲ. ಫೋನ್ ಮಾಡಿ ಅಂತ ಅವನೇ ತನ್ನ ಫೋನ್ ಕೊಟ್ಟ. ತಗೊಂಡು ನಿಂತೆ. ಹೆಂಡತಿ ನಂಬರ್ ನೆನಪಿಲ್ಲ. 98 ಅಂತ ಶುರುವಾಗುತ್ತೆ ಅನ್ನೋದು ಬಿಟ್ಟು ಒಂದು ಅಂಕಿಯೂ ಬರಲಿಲ್ಲ. ನಮ್ಮಪ್ಪನ ಕಾಲದ ಶೆಟ್ಟರ ಅಂಗಡಿ ಫೋನ್ ನಂಬರ್ ಮಾತ್ರ ಪೂರ್ತಿ ಬಾಯಿಗೆ ಬಂತು. ಆ ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಯ್ತು.

ಅಪ್ಪನೂ ಲಾರಿ ಓಡಿಸುತ್ತಿದ್ದರು. ಎಸ್‌ಟಿಡಿ ಬೂತಿನಲ್ಲಿ ರಾತ್ರಿ 11ರ ಮೇಲೆ ಕಾಲು ರೇಟು, ಆದರೆ ಅಷ್ಟೊತ್ತಿಗೆ ಶೆಟ್ಟರ ಅಂಗಡಿ ಬಾಗಿಲು ಹಾಕಿರುತ್ತಿತ್ತು. ಹಾಗಾಗಿ ಹಗಲಲ್ಲೇ ಮಾಡಬೇಕು, ಎರಡು ಮಾತು, ಇಟ್ಟುಬಿಡೋದು. ಹದಿನೈದು ದಿನ ಸುದ್ದಿ ಇಲ್ಲದೆ ಹೋದರೂ ಅವ್ವ ರಾಗಿ ಬೀಸಿಕೊಂಡು, ಎಮ್ಮೆ ನೋಡಿಕೊಂಡು ಇದ್ದಳು. ಹೆದರಿಕೆ ಆಗ ಇರಲಿಲ್ಲ ಅಂತಲ್ಲ, ಯಾರ ಹತ್ತಿರ ಹೇಳೋದು ಅಂತ ಸುಮ್ನೆ ಇದ್ದಳೇನೋ. ನಾನು ಯಾವತ್ತೂ ಕೇಳಿಲ್ಲ.

ಲಾರಿ ಹತ್ತಿ ಮಲಗಿದೆ. ನಿದ್ದೆ ಸರಿಯಾಗಿ ಬರಲಿಲ್ಲ.

ಮೂರು ಗಂಟೆ ಇರಬೇಕು, ಯಾರೋ ಬಾಗಿಲು ಬಡಿದರು. ಕಳ್ಳರು ಅಂತ ರಾಡ್ ಹಿಡಿದುಕೊಂಡೆ. 'ಅಣ್ಣಾ, ಮದ್ದೂರು ಗಾಡಿ ಅಲ್ವಾ? ಬಾಗ್ಲು ತಗಿ' ಅಂತ ಕನ್ನಡ ಕೇಳಿಸಿತು. ಪಾಂಡವಪುರ ಕಡೆಯ ಡ್ರೈವರ್, ಮುಂಚೆ ಕಂಡವನೂ ಅಲ್ಲ. ನನ್ನ ಹೆಂಡತಿ ಮಂಡಿಯವರಿಗೆ ಫೋನ್ ಮಾಡಿ ಎಬ್ಬಿಸಿದ್ದಾಳೆ, ಅವರು ನಮ್ಮ ಕಡೆ ಡ್ರೈವರುಗಳ ವಾಟ್ಸಾಪ್ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದ್ದಾರೆ, ಕೆಎ 11 ಎಳನೀರು ಗಾಡಿ ಕಿಣಿ ಆಚೆ ಈಚೆ ಎಲ್ಲಾದರೂ ಕಂಡರೆ ಹೇಳಿ ಅಂತ. ಈತ ನನ್ನ ಹಿಂದೆಯೇ ಬರುತ್ತಿದ್ದನಂತೆ. ಕೊಲ್ಹಾಪುರದಿಂದ ಈಚೆಗೆ ಒಂದೊಂದೇ ಢಾಬಾ, ಒಂದೊಂದೇ ಬಂಕಿಗೆ ನುಗ್ಗಿ ನಂಬರ್ ಪ್ಲೇಟ್ ನೋಡಿಕೊಂಡು ಬಂದಿದ್ದಾನೆ. ಅವನ ಗಾಡಿಯಲ್ಲೂ ಎಳನೀರೇ, ಅವನಿಗೂ ಬೆಳಗ್ಗೆ ಮಾರ್ಕೆಟ್ ತಪ್ಪಿದರೆ ರೇಟ್ ಹೋಗುತ್ತೆ. ಅದನ್ನು ನೆನೆಸಿಕೊಂಡರೆ ಈಗಲೂ ಗಂಟಲು ಕಟ್ಟುತ್ತದೆ.

ಅವನ ಫೋನಿನಿಂದಲೇ ಮನೆಗೆ ಮಾತಾಡಿದೆ. ಹೆಂಡತಿ ಹಲೋ ಅಂದವಳು ಆಮೇಲೆ ಮಾತೇ ಆಡಲಿಲ್ಲ. ಅವ್ವ ಫೋನ್ ಇಸ್ಕೊಂಡು, 'ಎಲ್ಲಿದ್ದೀಯ್ಲಾ? ಕಿಣಿದು ಯಾಕ್ಲಾ ಬರ್ಲಿಲ್ಲ?' ಅಂದಳು. ಟ್ಯಾಗು, ಕೆವೈಸಿ ಅಂತ ಏನೋ ಹೇಳೋಕೆ ಹೋದೆ. 'ಅದೆಲ್ಲ ನಂಗೊತ್ತಿಲ್ಲ, ನೀನು ಅದೀಯಲ್ಲ, ಸಾಕು' ಅಂದಳು.

ಮಗಳಿಗೆ ಅವತ್ತು ಬೆಳಗ್ಗೆ ಗಣಿತ ಪರೀಕ್ಷೆ ಇತ್ತು. ಅವಳೂ ಎದ್ದೇ ಇದ್ದಳಂತೆ. ಆ ವಿಷಯ ಮಾತ್ರ ನನಗೆ ಇನ್ನೂ ಬೇಜಾರು.

ವಾಶಿಯಿಂದ ವಾಪಸ್ ಬಂದ ಮೇಲೆ ಮೊದಲು ಕೆವೈಸಿ ಮಾಡಿಸಿದೆ. ಎರಡು ಚಾರ್ಜರ್, ಒಂದು ಪವರ್ ಬ್ಯಾಂಕ್ ಇಟ್ಟಿದ್ದೇನೆ. ಹೆಂಡತಿ ನಂಬರ್ ಬಾಯಿಪಾಠ ಮಾಡಿದೆ, ಜೊತೆಗೆ ಕ್ಯಾಬಿನ್ನಿನಲ್ಲಿ ಮಹದೇಶ್ವರನ ಫೋಟೋ ಕೆಳಗೆ ಪೆನ್ನಿನಲ್ಲಿ ಬರೆದಿದ್ದೇನೆ. ಮಗಳು ಅವ್ವನಿಗೆ ವಾಟ್ಸಾಪಿನ ಮೈಕ್ ಒತ್ತೋದು ಕಲಿಸಿದ್ದಾಳೆ.

ಮುಂದಿನ ಟ್ರಿಪ್ಪಿನಲ್ಲಿ ಕಿಣಿಗೆ ಬಂದಾಗ ರಾತ್ರಿ ಒಂಬತ್ತು. ಗೇಟ್ ಎದ್ದಿತು. ಮುಂದೆ ಹೋಗಿ ಊಟಕ್ಕೆ ನಿಲ್ಲಿಸಿ ಫೋನ್ ನೋಡಿದರೆ ಅವ್ವನ ವಾಯ್ಸ್ ಮೆಸೇಜ್ ಬಂದು ಕೂತಿತ್ತು. 'ಕಿಣಿ ಬಂತು ಕಣ್ಲಾ, ಕೂಸು ಓದಿ ಹೇಳ್ತು. ನಾನಿನ್ನ ಮಲಿಕತೀನಿ.'